ಅಟ್ಟದ ಮೇಲೊಂದು ಬಂಕರ್

ದಡ ದಡ ದಡ!

ಅಟ್ಟದ ಮೇಲೆ ತೆಂಗಿನಕಾಯಿ ಉರುಳಿದ ಸದ್ದಿಗೆ ಚಿಕ್ಕಗೌರಮ್ಮಜ್ಜಿ ಬೆಚ್ಚಿಬಿದ್ದಳು.

"ಯಾರೇ ಅದು ಮೇಲೆ? ಹೆಗ್ಗಣಾನಾ?"

"ನಾನು ಕಣಜ್ಜಿ," ಮೊಮ್ಮಗಳು ಧನ್ಯಶ್ರೀಯ ದನಿ ಬಂತು. "ಬಂಕರ್ ಮಾಡ್ತಿದ್ದೀನಿ."

ಅಜ್ಜಿ ಏಣಿ ಹತ್ತಿ ಇಣುಕಿದರೆ, ಅಯ್ಯೋ ಶಿವನೇ! ಬೆಳಿಗ್ಗೆವರೆಗೂ ಎಡಗಡೆ ಹೋದ ವರ್ಷದ ಕಾಯಿ ಇದ್ದವು. ಒಳಗಿನ ನೀರೆಲ್ಲ ಆರಿ, ಕೊಬ್ಬರಿಯಾಗಿ, ಸುಲಿಯಲು ತಯಾರಾಗಿದ್ದವು. ಬಲಗಡೆ ಮೊನ್ನೆ ಏರಿಸಿದ ಹಸಿಕಾಯಿ. ಈಗ ಐದನೇ ಕ್ಲಾಸಿನ ಈ ಮಹಾತಾಯಿ ಎರಡನ್ನೂ ಒಂದೇ ಮೂಲೆಗೆ ತಳ್ಳಿ, ಚಾಪೆ ಹಾಸಿ, ಬಿಸ್ಕತ್ತು, ನೀರಿನ ಬಾಟಲು, ಟಾರ್ಚು ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಸ್ಕೂಲ್ ಬ್ಯಾಗು ಬೇರೆ.

"ಹಳೇದು ಹೊಸದು ಎಲ್ಲಾ ಬೆರೆಸ್ಬುಟ್ಟೆಯಲ್ಲೇ! ನಾಳೆ ಸುಲಿಯೋರು ಬತ್ತಾರೆ. ಹಸೀದನ್ನ ಒಡೆದ್ರೆ ಕೊಬ್ರಿ ಎಲ್ಲಿಂದ ಬತ್ತದೆ?"

ಧನ್ಯ ಬ್ಯಾಗನ್ನು ತಬ್ಬಿಕೊಂಡಳು. "ಮೂರನೇ ವಿಶ್ವಯುದ್ಧ ಆಗುತ್ತಂತೆ ಅಜ್ಜಿ. ದೊಡ್ಡ ದೊಡ್ಡ ದೇಶದೋರು ಬಾಂಬ್ ರೆಡಿ ಮಾಡ್ಕೊಂಡವ್ರಂತೆ. ನಮ್ಮ ಕ್ಲಾಸಿನ ಜೀವಿತಾ ಮೊಬೈಲಲ್ಲಿ ತೋರಿಸಿದ್ಲು. ಅಪ್ಪ, ಅಮ್ಮ, ನೀನು, ನಾನು, ನಾಲ್ಕೂ ಜನ ಇಲ್ಲೇ ಇದ್ಬುಡಾಣ. ನಂಗೆ ಭಯ..."

ಅಷ್ಟರಲ್ಲಿ ಅಳು ಬಂತು.

ಬೈಯಲು ತೆರೆದ ಬಾಯನ್ನು ಅಜ್ಜಿ ಮುಚ್ಚಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು, "ಬಾಂಬು ಬೀಳೋದು ಮೇಲಿಂದ. ನೀನು ಮೇಲಕ್ಕೇ ಬಂದು ಕೂತಿದ್ದೀಯಲ್ಲೇ ಪೆದ್ದಿ!"

ಧನ್ಯಳಿಗೆ ನಗು ಬರಲಿಲ್ಲ. "ಯುದ್ಧ ಆಗಲ್ಲ ಅಂತ ಹೇಳಜ್ಜಿ."

"ನಂಗೇನು ಗೊತ್ತವ್ವಾ? ಟೀವಿ ಹಾಕಿದ್ರೆ ನಂಗೂ ಎದೆ ಡವಡವ ಅಂತದೆ," ಅಂದಳು ಅಜ್ಜಿ. "ಬಾ, ಮೊದ್ಲು ಇದನ್ನ ಬೇರೆ ಮಾಡಾಣ. ಅಲ್ಲಾಡ್ಸಿ ನೋಡು. ಲೊಡಲೊಡ ಅಂದ್ರೆ ಹಳೇದು, ಆ ಕಡೆ. ನೀರು ಕುಲುಕಿದ್ರೆ ಹೊಸದು, ಈ ಕಡೆ."

ಅಜ್ಜಿಗೂ ಭಯವಾಗುತ್ತದೆ ಎಂದು ಧನ್ಯಳಿಗೆ ಗೊತ್ತೇ ಇರಲಿಲ್ಲ. ಮೂಗು ಒರೆಸಿಕೊಂಡು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದಳು. ಲೊಡಲೊಡ. ಗುಳುಕ್. ಲೊಡಲೊಡ. ನೂರಾಯಿತು, ಇನ್ನೂರಾಯಿತು, ಕೈ ಸೋತುಹೋಯಿತು.

ಕೊನೆಗೆ ಒಂದು ಉಳಿಯಿತು. ಗುಳುಕ್ ಅಂದಿತು.

"ಇದು ಯಾವಾಗ ಕೊಬ್ರಿ ಆಗೋದಜ್ಜಿ?"

"ಬರೋ ವರ್ಷ, ಇಷ್ಟೊತ್ತಿಗೆ."

ಕೆಳಗೆ ಅಪ್ಪ ಹಾಕಿದ್ದ ಟೀವಿಯಲ್ಲಿ ಯಾರೋ ಯುದ್ಧ, ಯುದ್ಧ ಎಂದು ಅರಚುತ್ತಲೇ ಇದ್ದರು. ಧನ್ಯ ಬಲಗಡೆಯ ಹಸಿಕಾಯಿ ರಾಶಿ ನೋಡಿದಳು. ಅಜ್ಜಿಗೂ ಏನೂ ಗೊತ್ತಿಲ್ಲ. ಆದರೂ ಮೊನ್ನೆ ಇಷ್ಟೂ ಕಾಯಿಯನ್ನು ಅಟ್ಟಕ್ಕೆ ಏರಿಸಿದ್ದಾಳೆ.

ಬ್ಯಾಗಿನಿಂದ ಸ್ಕೆಚ್ ಪೆನ್ ತೆಗೆದು ಕಾಯಿಯ ಸಿಪ್ಪೆಯ ಮೇಲೆ ಬರೆದಳು: ಧನ್ಯಶ್ರೀ, ಆರನೇ ಕ್ಲಾಸ್. ಬರೆದು ರಾಶಿಯ ಮೇಲಿಟ್ಟಳು.

ಇಳಿಯುವಾಗ ಚಾಪೆ ಸುತ್ತಿಕೊಂಡಳು. ಟಾರ್ಚು ಮಾತ್ರ ಇರಲಿ ಅಂತ ಅಲ್ಲೇ ಬಿಟ್ಟಳು.

"ಅಜ್ಜಿ, ಆ ಕಾಯಿ ಯಾರೂ ಮುಟ್ಬಾರ್ದು," ಅಂದಳು. "ಬರೋ ವರ್ಷ ನಾನೇ ಬಂದು ಅಲ್ಲಾಡ್ಸಿ ನೋಡ್ತೀನಿ."