ಮತ್ತೆ ತೊಟ್ಟಿಗೆ

"ಪ್ಲೀಸ್ ಸ್ಟಾಪ್! ಅದು ನಮ್ಮಮ್ಮನ ಸೀರೆ!"

ಹಂಸಾಳ ಕೈಯಲ್ಲಿದ್ದ ಕತ್ತರಿ ನಿಂತಿತು. ಆದರೆ ಆ ನೀಲಿ ಸೀರೆಯಲ್ಲಿ ಉಳಿದಿದ್ದದ್ದು ಸೆರಗು ಮಾತ್ರ. ಮಿಕ್ಕದ್ದೆಲ್ಲ ಆಗಲೇ ಚೂರಾಗಿ ನೀರಿನಲ್ಲಿ ನೆನೆಯುತ್ತಿತ್ತು.

ವೆಸ್ಟ್ ವಿಂಡ್ಸರ್‌ನ ಅವಳ ಗ್ಯಾರೇಜಿನ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದವನು ಅದ್ವೈತ್.

"ನಿಮ್ಮ ತಂದೆಯವರೇ ತಂದುಕೊಟ್ರು... ಇದರಲ್ಲಿ ಕಾಗದ ಮಾಡಿಕೊಡಮ್ಮ ಅಂತ." ಅವಳು ಕತ್ತರಿ ಕೆಳಗಿಟ್ಟಳು.

"ಅಮ್ಮ ಹೋಗಿ ಇನ್ನೂ ವರ್ಷ ಆಗಿಲ್ಲ. ಅಪ್ಪ ನನ್ನನ್ನ ಒಂದು ಮಾತೂ ಕೇಳ್ಲಿಲ್ಲ."

ಅವನು ಸೆರಗನ್ನು ಎತ್ತಿಕೊಂಡು ಮೆಲ್ಲಗೆ ಮಡಚತೊಡಗಿದ. ಬೈದಿದ್ದರೆ ವಾಸಿಯಿತ್ತು ಎನಿಸಿತು ಅವಳಿಗೆ.

"ಶನಿವಾರ ಬನ್ನಿ. ಹಾಳೆ ಎತ್ತುವಾಗ ನೀವೂ ಜೊತೆಗಿರಿ."

ಬಂದ. ಪ್ರತಿ ಶನಿವಾರವೂ ಬಂದ!

ಇಟಲಿಯ ಬೆಟ್ಟದೂರೊಂದರ ಪುಟ್ಟ ಕಾರ್ಯಾಗಾರದಲ್ಲಿ ಅವಳು ಕಲಿತದ್ದು ಇಷ್ಟೇ: ಹಳೆಯ ಹತ್ತಿಬಟ್ಟೆ, ನೀರು, ಇಬ್ಬರು ಮನುಷ್ಯರು. ಬ್ಲೀಚ್ ಇಲ್ಲ, ಬಣ್ಣ ಇಲ್ಲ. ಅವಳು ನೆನೆಸಿ ಅರೆದ ಬಟ್ಟೆಯ ತಿರುಳನ್ನು ತೊಟ್ಟಿಯಿಂದ ಜಾಲರಿಯಲ್ಲಿ ಎತ್ತುವಳು. ಅವನು ಅದನ್ನು ಕಂಬಳಿಯ ತುಂಡಿನ ಮೇಲೆ ಮಗುಚುವನು. ಹಾಳೆ ಕೆಟ್ಟರೆ ಎಸೆಯುವಂತಿಲ್ಲ. ಹಸಿಯಿರುವಾಗಲೇ ಮತ್ತೆ ತೊಟ್ಟಿಗೆ.

ನೀರು ತೊಟ್ಟಿಕ್ಕುವ ಸದ್ದಷ್ಟೇ. ಆ ಸದ್ದಿಗಾಗಿ ಅವಳು ವಾರವಿಡೀ ಕಾಯತೊಡಗಿದ್ದಳು...

ಒಂದು ಬೆಳಿಗ್ಗೆ ಅದ್ವೈತನ ತಂದೆ ನಂಜುಂಡಸ್ವಾಮಿಯವರ ಫೋನ್.

"ಏನಮ್ಮ ಹಂಸಾ, ಒಂದು ಸೀರೆಗೆ ಇಷ್ಟು ದಿನ ಬೇಕಾ? ನೇಯೋದೇ ಇದಕ್ಕಿಂತ ಬೇಗ ಮುಗಿಯುತ್ತಲ್ಲ!"

ಅವರು ನಕ್ಕರು. ಅವಳು ನಗಲಿಲ್ಲ. ಅದ್ವೈತ್ ಮಗುಚಿದ ಹಾಳೆಗಳೆಲ್ಲ ಹರಿಯುತ್ತಿದ್ದವು, ಮಡಚಿಕೊಳ್ಳುತ್ತಿದ್ದವು. ಒಂದಾದರೂ ಒಣಗುವವರೆಗೆ ಉಳಿದಿರಲಿಲ್ಲ.

'ಅಮ್ಮನ ಸೀರೆ ಕಾಗದವಾಗುವುದೇ ಅವನಿಗೆ ಬೇಡ. ನನ್ನ ಕತ್ತರಿಯನ್ನು ಅವನಿನ್ನೂ ಕ್ಷಮಿಸಿಲ್ಲ!'

ಆ ಶನಿವಾರ ಕೇಳಿಯೇಬಿಟ್ಟಳು. "ಬೇಕಂತಲೇ ಹಾಳು ಮಾಡ್ತಿದೀರಾ?"

"ಹೂಂ."

ಅವಳ ಕಣ್ಣು ತುಂಬಿತು. "ಅಷ್ಟು ಕೋಪ ಇದ್ರೆ ಬರಬೇಡಿ. ಉಳಿದದ್ದನ್ನ ನಾನೊಬ್ಬಳೇ ಮುಗಿಸ್ತೀನಿ."

"ಕೋಪ ಮೊದಲನೇ ವಾರವೇ ಹೋಯ್ತು ಹಂಸಾ." ಅವನು ತೊಟ್ಟಿಯನ್ನೇ ನೋಡುತ್ತಿದ್ದ. "ಇದು ಖಾಲಿಯಾದ್ರೆ... ನಾನು ಏನಂತ ಹೇಳ್ಕೊಂಡು ಇಲ್ಲಿಗೆ ಬರ್ಲಿ?"

ಅವಳ ಕೈಯಲ್ಲಿನ ಜಾಲರಿಯಿಂದ ನೀರು ಸೋರುತ್ತಲೇ ಇತ್ತು...

ಕಣ್ಣೊರೆಸಿಕೊಂಡು ಜಾಲರಿಯನ್ನು ತೊಟ್ಟಿಗೆ ಅದ್ದಿದಳು. ಅವನು ಮಗುಚಿದ. ತಿಳಿನೀಲಿ ಹಾಳೆ, ಒಂದು ಸುಕ್ಕೂ ಇಲ್ಲ!

"ಇದು ನಿಮ್ಮ ತಂದೆಯವರಿಗೆ," ಎಂದಳು.

ಎರಡನೆಯದೂ ಅಷ್ಟೇ ಚೆಂದ ಬಂತು. ಹಂಸಾ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಎತ್ತಿ, ಮುದ್ದೆ ಮಾಡಿ, ತೊಟ್ಟಿಗೆ ಹಾಕಿದಳು.

"ಅಯ್ಯೋ, ಅದು ಚೆನ್ನಾಗೇ ಇತ್ತಲ್ಲ?"

"ಇಲ್ಲ, ಕೆಟ್ಟಿತ್ತು," ಎಂದಳು ನಗು ತಡೆಯುತ್ತಾ. "ಮುಂದಿನ ಶನಿವಾರ ಬೇಗ ಬಾ."