ಕರೆಯದೆಯೇ ಎಚ್ಚೆತ್ತ ಕೋಶಗಳು

“ನಿಜ ಹೇಳಿ, ನಿನ್ನೆ ರಕ್ತ ಕೊಡುವಾಗ ನಿಮಗೆ ಜ್ವರ ಇತ್ತಾ?”

ಸಂಶೋಧಕಿ ದನಿಯೇರಿಸಲಿಲ್ಲ, ಏರಿಸುವಷ್ಟು ಶಕ್ತಿ ಉಳಿದಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ, ಅವಳ ಪ್ರಯೋಗಗಳಿಗೆ ಆಗಾಗ ರಕ್ತವನ್ನೂ ಕೊಡುವ ಮೈಕ್ರೋಸ್ಕೋಪ್ ರಿಪೇರಿಯವನು ಕೈಯ ಸ್ಕ್ರೂಡ್ರೈವರನ್ನೊಮ್ಮೆ, ಅವಳ ಕಣ್ಣಡಿಯ ಕಪ್ಪನ್ನೊಮ್ಮೆ ನೋಡಿದ.

“ಜ್ವರ ಅಂತಲ್ಲ ಮೇಡಂ... ಮೈ ಸ್ವಲ್ಪ ಬೆಚ್ಚಗಿತ್ತು.”

ಅವಳು ಕಣ್ಣು ಮುಚ್ಚಿದಳು. ರಕ್ತದಲ್ಲಿ ಕಾವಲಿದ್ದು ರೋಗ ತಗುಲಿದ ಕೋಶಗಳನ್ನು ಕೊಲ್ಲುವ ಸಹಜ ಹಂತಕ ಕೋಶಗಳು ಎಚ್ಚರಗೊಳ್ಳುವ ಬಗೆಯೇ ಅವಳ ಸಂಶೋಧನೆ. ಅವುಗಳಲ್ಲಿ ಒಂದು ಪಂಗಡ ಮುಖ್ಯವಾಗಿ ಬೇರೆ ಕೋಶಗಳು ಕಳಿಸುವ ಪ್ರೋಟೀನಿನ ಸಂದೇಶಕ್ಕೆ ಏಳುತ್ತದೆ; ಇನ್ನೊಂದು, ಎದುರಿನ ಕೋಶವನ್ನು ಮುಟ್ಟಿ, ‘ಇದು ನಮ್ಮದು’ ಎಂಬ ಗುರುತು ಕಾಣದಿದ್ದಾಗ ಏಳುತ್ತದೆ. ಅದನ್ನು ತೋರಿಸಲು ಮೊದಲು ನಿದ್ರಿಸುವ ಕೋಶಗಳು ಬೇಕು. ನಿನ್ನೆಯ ಟ್ಯೂಬಿನಲ್ಲೋ, ಏನನ್ನೂ ಬೆರೆಸುವ ಮೊದಲೇ, ಅವನ ಜ್ವರಕ್ಕೇ ಎರಡೂ ಪಂಗಡಗಳು ಕಣ್ಣುಬಿಟ್ಟು ಕೂತಿದ್ದವು. ಅದೇ ರಕ್ತದ ಪಕ್ಕದ ಟ್ಯೂಬುಗಳಿಗೆ ಹಾಕಿದ ಸಂದೇಶದ ಪ್ರೋಟೀನಿನ ಕೊನೆಯ ಹನಿಯೂ ವ್ಯರ್ಥ. ಮಾರ್ಗದರ್ಶಕರು ಹೊಸದನ್ನು ತರಿಸುವರೋ, ಕೆಲಸವನ್ನೇ ನಿಲ್ಲಿಸೆನ್ನುವರೋ ತಿಳಿಯದು.

“ಹುಷಾರಾಗಿದೀರಾ ಅಂತ ಕೇಳಿದ್ನಲ್ಲ? ಕತ್ತು ಆಡಿಸಿದ್ರಿ!”

“ಇಲ್ಲ ಅಂದಿದ್ರೆ ವಾಪಸ್ ಕಳಿಸ್ತಿದ್ರಿ.”

“ಕಳಿಸಿದ್ರೆ ಏನಾಗ್ತಿತ್ತು?”

ಅವನು ಗೋಡೆಬದಿಯ ಕುರ್ಚಿಗಳತ್ತ ನೋಡಿದ. “ರಿಪೇರಿಗೆ ಬಂದ್ರೆ ನೀವು ಎದ್ದು ಆಚೆ ಹೋಗ್ತೀರಿ. ರಕ್ತ ಕೊಡಕ್ಕೆ ಬಂದ್ರೆ ಪಕ್ಕದಲ್ಲೇ ಕೂತ್ಕೋತೀರಿ. ‘ನೋವಾಯ್ತಾ’ ಅಂತ ಕೇಳ್ತೀರಿ.”

ಅವಳಿಗೆ ಸಿಟ್ಟು ಬಂತು; ದಣಿವು ಅದನ್ನು ಅರ್ಧದಾರಿಯಲ್ಲೇ ಕೂರಿಸಿತು.

“ಅದಕ್ಕೆ ನನ್ನ ಕೆಲಸ ನೀರಲ್ಲಿ ಹೋಮ ಮಾಡಿದ್ರಾ? ಫೋನಲ್ಲಿ ಒಂದು ಮೆಸೇಜ್ ಹಾಕಕ್ಕಾಗ್ತಿರಲಿಲ್ವಾ?”

“ಎಲ್ಲ ಕೋಶಗಳೂ ಮೆಸೇಜಿಗೆ ಏಳಲ್ಲ, ಕೆಲವು ಮುಟ್ಟಿದ್ರೇ ಏಳೋದು ಅಂತ ರಕ್ತ ತಗೊಳ್ಳುವಾಗ ನೀವೇ ಹೇಳಿದ್ರಲ್ಲ, ಮೇಡಂ.”

ನಗು ತುಟಿಯವರೆಗೆ ಬಂತು. ಅವಳು ಮುಖ ತಿರುಗಿಸಿದಳು. ತಿರುಗಿ ನೋಡುವಷ್ಟರಲ್ಲಿ ಅವನಿರಲಿಲ್ಲ.

ಗಾಜಿನ ಗೋಡೆಯಾಚೆ, ಮಾರ್ಗದರ್ಶಕರ ಮೇಜಿನೆದುರು ಅವನು ತಲೆತಗ್ಗಿಸಿ ನಿಂತಿದ್ದ. ಅವರ ಕೈ ಗಾಳಿಯಲ್ಲಿ ಆಡುತ್ತಿತ್ತು. ಬೈಗುಳ ಮಾತ್ರ ಕೇಳಿಸುತ್ತಿರಲಿಲ್ಲ.

“ತಪ್ಪು ನಂದೇ ಅಂತ ಹೇಳ್ದೆ,” ಎನ್ನುತ್ತ ಮರಳಿದ. “ಹೊಸ ಪ್ರೋಟೀನ್ ತರಿಸ್ತಾರಂತೆ. ನನ್ನ ರಕ್ತ ಮಾತ್ರ ಇನ್ನು ಬೇಡವಂತೆ. ಬರ್ತೀನಿ.”

“ಕೂತ್ಕೊಳ್ಳಿ.”

“ರಕ್ತ ಬೇಡ ಅಂದ್ರಲ್ಲ?”

“ರಕ್ತ ಯಾರು ಕೇಳಿದ್ರು?”

ಅವನು ಕೂತ. ಅವಳೂ ಪಕ್ಕದಲ್ಲಿ ಕೂತಳು. ಸೂಜಿಯಿಲ್ಲದ ಅವಳ ಬೆರಳುಗಳು ಅಭ್ಯಾಸಬಲದಿಂದ ಅವನ ತೋಳಿನಲ್ಲಿ ರಕ್ತನಾಳವನ್ನು ಹುಡುಕಿದವು. ಆಮೇಲೆ ಮೆಲ್ಲಗೆ ಜಾರಿ ಅಂಗೈಯಲ್ಲಿ ನಿಂತವು.

“ನೋವಾಯ್ತಾ?” ಈ ಸಲ ಕೇಳಿದವನು ಅವನು.

“ಇಲ್ಲ. ಸುಸ್ತಾಗಿದೆ ಅಷ್ಟೇ,” ಎನ್ನುತ್ತ ಅವಳು ಅವನ ಬಿಸಿ ಹೆಗಲಿಗೆ ತಲೆಯಾನಿಸಿದಳು.