ಶವಪೆಟ್ಟಿಗೆಯೊಳಗಿನ ದೊರೆ

"ಅಲುಗಾಡ್ಬೇಡಿ ರೀ, ಬಣ್ಣ ಕುತ್ತಿಗೆಗೆ ಇಳೀತಿದೆ," ಎಂದು ಮೇಕಪ್‌ನವಳು ಗದರಿದಳು.

ಕನ್ನಡಿಯಲ್ಲಿ ನಟನ ಕಣ್ಣು ಅವಳನ್ನು ಹುಡುಕಿತು. ಹೆಣದ ಬಣ್ಣ ಬಳಿದ ಮುಖದಲ್ಲಿ ಜೀವವಿದ್ದದ್ದು ಆ ಕಣ್ಣುಗಳಲ್ಲಿ ಮಾತ್ರ. ಹಳೆಯ ಕಾದಂಬರಿಯೊಂದು ಸಿನಿಮಾ ಆಗುತ್ತಿತ್ತು. ಸತ್ತ ಮೇಲೂ ಕೋರೆಹಲ್ಲಿನ ಪಿಶಾಚಿಯಾಗಿ ಗೋರಿಯಿಂದೆದ್ದು ಹೆಂಡತಿಯನ್ನು ಹುಡುಕಿ ಬರುವ ದೊರೆಯ ಪಾತ್ರ ಅವನದು. ಸೆಟ್ಟಿನಲ್ಲಿ ಎಲ್ಲರ ಬಾಯಲ್ಲೂ ಅವನು ದೊರೆಯೇ.

ದಿನಾ ಬೆಳಿಗ್ಗೆ ಅವನು ಕದ್ದು ನೋಡುವುದು, ಅವಳು ಏನೂ ಕಾಣದವಳಂತೆ ಬ್ರಷ್ ತೊಳೆಯುವುದು ರೂಢಿಯಾಗಿತ್ತು. ಇವತ್ತು ಆ ನೋಟದಲ್ಲಿ ತುಂಟತನವಿರಲಿಲ್ಲ.

"ನನ್ನ ಕೈ ಅಷ್ಟು ತಣ್ಣಗಿದೆಯಾ? ನಡುಗ್ತಿದ್ದೀರಲ್ಲ."

"ಕೈ ಅಲ್ಲ ರೀ. ಇವತ್ತು ಆ ಪೆಟ್ಟಿಗೆಯೊಳಗೆ ಮಲಗ್ಬೇಕು." ಅವನು ದನಿ ತಗ್ಗಿಸಿದ. "ಮುಚ್ಚಿದ ಜಾಗ ಅಂದ್ರೆ ನಂಗೆ ಉಸಿರು ಕಟ್ಟುತ್ತೆ. ಲಿಫ್ಟ್ ಕೂಡ ಹತ್ತಲ್ಲ."

"ನಿರ್ದೇಶಕರಿಗೆ ಹೇಳಿ ಮತ್ತೆ."

"ಪೆಟ್ಟಿಗೆಗೆ ಹೆದರೋ ಪಿಶಾಚಿ ಅಂತ ನಗ್ತಾರೆ. ನೀವು ಹತ್ತಿರ ಇರ್ತೀರಲ್ಲ?"

"ಇರ್ತೀನಿ."

ನೆಲಮಾಳಿಗೆಯ ಸೆಟ್ಟಿನಲ್ಲಿ ಹೊಗೆ ತುಂಬಿತ್ತು. ಅವನು ಮಲಗಿದ. ಬಡಗಿ ಮುಚ್ಚಳ ಎಳೆದ. ನಾಯಕಿ ಮೇಣದಬತ್ತಿ ಹಿಡಿದು ಮೆಟ್ಟಿಲಿಳಿದಳು. ಅವಳು ಹತ್ತಿರ ಬಂದೊಡನೆ ದೊರೆ ಸದ್ದಿಲ್ಲದೆ ಮುಚ್ಚಳ ಸರಿಸಿ ಏಳಬೇಕಿತ್ತು.

ಮುಚ್ಚಳ ಸರಿಯಲಿಲ್ಲ. ಒಳಗಿನಿಂದ ಗುದ್ದಿದ ಸದ್ದು ಬಂತು. ಮತ್ತೆ ಮತ್ತೆ ಬಂತು. ಆಮೇಲೆ ಮರವನ್ನು ಉಗುರಿನಿಂದ ಪರಚುವ ಸದ್ದು. ನಾಯಕಿ ನಿಜವಾಗಿಯೇ ಕಿರುಚಿಕೊಂಡಳು.

"ಕ್ಯಾಮೆರಾ ನಿಲ್ಲಿಸ್ಬೇಡಿ," ನಿರ್ದೇಶಕರು ಪಿಸುಗುಟ್ಟಿದರು. "ಎಂಥಾ ನಟನೆ!"

ಅದು ನಟನೆಯಲ್ಲವೆಂದು ಮೇಕಪ್‌ನವಳಿಗೆ ಗೊತ್ತಾಯಿತು. ಗುದ್ದು ಮೆತ್ತಗಾಯಿತು. ನಿಂತೇಹೋಯಿತು.

ಅವಳು ದೀಪಗಳ ಬೆಳಕಿಗೆ ನುಗ್ಗಿದಳು. ಹಿಂದಿನಿಂದ ಯಾರೋ ಬೈದರು. ಹಲಗೆಗಳ ನಡುವೆ ಸಿಕ್ಕಿಬಿದ್ದಿದ್ದ ಮುಚ್ಚಳ ಎಷ್ಟು ಎಳೆದರೂ ಜಗ್ಗಲಿಲ್ಲ. ಬಡಗಿಯ ಕೈಯಿಂದ ಉಳಿ ಕಸಿದು ಸಂದಿಗೆ ತುರುಕಿ, ಮೈಭಾರವನ್ನೆಲ್ಲ ಹಾಕಿ ಮೀಟಿದಳು. ಹಲಗೆ ಸೀಳಿತು.

ಅವನ ಕಣ್ಣು ತೆರೆದಿತ್ತು. ರೆಪ್ಪೆ ಬಡಿಯಲಿಲ್ಲ. ನೀಲಿ ತುಟಿ, ಬೂದು ಕೆನ್ನೆ: ಎಲ್ಲ ಅವಳೇ ಬಳಿದದ್ದು. ಅದರಡಿಯಲ್ಲಿ ಜೀವವಿದೆಯೋ ಇಲ್ಲವೋ, ಅವಳಿಗೇ ತಿಳಿಯಲಿಲ್ಲ. ಮೂಗಿನ ಬಳಿ ಅಂಗೈ ಹಿಡಿದಳು. ಏನೂ ಇಲ್ಲ.

"ರೀ... ಉಸಿರಾಡ್ರೀ!" ಎಂದು ಎದೆಗೆ ಗುದ್ದಿದಳು.

ಅವನು ಬಿಕ್ಕಿದಂತೆ ಉಸಿರೆಳೆದುಕೊಂಡ.

"ಶಾಟ್ ಹಾಳಾಯ್ತಲ್ಲಮ್ಮ!" ನಿರ್ದೇಶಕರು ಓಡಿಬಂದರು.

"ಅವರ ಜೀವಾನೇ ಹೋಗ್ತಿತ್ತು ಸರ್!" ಅವಳು ಚೀರಿದಳು.

ಹೊರಗಿನ ಬಿಸಿಲಲ್ಲಿ, ಸ್ಟುಡಿಯೋದ ಗೋಡೆಗೆ ಅವನನ್ನು ಒರಗಿಸಿ ಕೂರಿಸಿದಳು. ಹತ್ತಿಯಿಂದ ಅವನ ಹಣೆಯ ಬಣ್ಣ ಒರೆಸಿದಳು.

"ಒಳಗೆ ಏನನ್ನಿಸ್ತು ಗೊತ್ತಾ? ನಿಮಗೆ ಹೇಳದೇನೇ ಹೋಗ್ಬಿಡ್ತೀನಲ್ಲ ಅಂತ."

"ಏನು ಹೇಳೋದಿತ್ತು?"

"ನಿಮ್ಮನ್ನ ಫೀತಿ..." ಅಂಟಿಸಿದ ಕೋರೆಹಲ್ಲುಗಳ ನಡುವೆ ಮಾತು ತೊದಲಿತು.

"ಮೊದಲು ಆ ಹಲ್ಲು ತೆಗೀರಿ!" ಅಳುವಿನ ನಡುವೆಯೇ ಅವಳಿಗೆ ನಗು ಬಂತು.

ಅವನು ಹಲ್ಲು ಕಿತ್ತು ಅವಳ ಅಂಗೈಯಲ್ಲಿಟ್ಟ. "ಪ್ರೀತಿಸ್ತೀನಿ ರೀ."

"ನಾನೂನು," ಎಂದವಳು ಅವನ ಭುಜಕ್ಕೆ ಮುಖವೊತ್ತಿ, ಅಷ್ಟು ಹೊತ್ತು ತಡೆದಿದ್ದ ಭಯವನ್ನೆಲ್ಲ ಅತ್ತು ಮುಗಿಸಿದಳು. ಅವನ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಅವಳು ಆ ಉಸಿರನ್ನು ಕಿವಿಗೊಟ್ಟು ಕೇಳುತ್ತಲೇ ಇದ್ದಳು.